ಮಿನಿಯೇಚರ್ ಗೊಂಬೆಯ ಬಟ್ಟೆಗೆ, ಮರಕ್ಕೆ ಪದರ ಪದರವಾಗಿ ಬಣ್ಣ ಹಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹವ್ಯಾಸಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. 28ರಿಂದ 32 ಮಿ.ಮೀ. ಎತ್ತರದ ಮಂತ್ರವಾದಿ, ಬಿಲ್ಲುಗಾರ್ತಿ, ಕೊಡಲಿ ಹಿಡಿದ ಕುಳ್ಳ, ಇಂಥ ಗೊಂಬೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದೆ. ಅಳತೆ ಹೇಳುವಾಗ ಬಣ್ಣದ ಹನಿ ಮೊದಲು, ನೀರಿನ ಹನಿ ಆಮೇಲೆ. 1:2 ಎಂದರೆ ಒಂದು ಹನಿ ಬಣ್ಣ, ಎರಡು ಹನಿ ನೀರು.

## ಶುರು ಮಾಡುವವರಿಗೆ

ಲೇಯರಿಂಗ್ ಅಂದರೆ ಏನು? ಡ್ರೈಬ್ರಷ್ ಹೊಡೆದರೆ ಸಾಲದಾ?

ಕಡು ಬಣ್ಣವನ್ನು ಇಡೀ ಭಾಗಕ್ಕೆ ಹಚ್ಚಿ, ಅದರ ಮೇಲೆ ಸ್ವಲ್ಪ ಸ್ವಲ್ಪ ತಿಳಿಯಾದ ಬಣ್ಣಗಳನ್ನು ಒಂದಕ್ಕಿಂತ ಒಂದು ಚಿಕ್ಕ ಜಾಗಕ್ಕೆ ಹಚ್ಚುತ್ತ ಹೋಗುವುದೇ ಲೇಯರಿಂಗ್. ಕೆಳಗಿನ ಪದರ ಪೂರ್ತಿ ಮುಚ್ಚಿಹೋಗಬಾರದು, ಅದರ ಅಂಚು ಕಾಣುತ್ತಲೇ ಇರಬೇಕು. ಇಷ್ಟು ಚಿಕ್ಕ ಗೊಂಬೆಯ ಮೇಲೆ ಕೋಣೆಯ ಬೆಳಕು ತಾನಾಗಿ ಸಾಕಷ್ಟು ನೆರಳು ಬೀಳಿಸುವುದಿಲ್ಲ. ಆ ನೆರಳು ಬೆಳಕನ್ನು ನಾವು ಬಣ್ಣದಲ್ಲಿ ಬರೆಯಬೇಕು.

ಡ್ರೈಬ್ರಷ್ ಎಂದರೆ ಬ್ರಷ್‌ನಲ್ಲಿರುವ ಬಣ್ಣವನ್ನು ಹೆಚ್ಚುಕಡಿಮೆ ಪೂರ್ತಿ ಒರೆಸಿ ಉಬ್ಬಿದ ಜಾಗಗಳ ಮೇಲೆ ಸವರುವುದು. ತುಪ್ಪಳಕ್ಕೆ, ಕಲ್ಲಿಗೆ, ಒರಟು ತೊಗಟೆಗೆ ಅದು ಒಳ್ಳೆಯದು. ನುಣುಪಾದ ಮೇಲಂಗಿಯ ಮೇಲೆ ಮಾತ್ರ ಪುಡಿ ಉದುರಿಸಿದಂತೆ ಗೀರು ಬೀಳುತ್ತದೆ. ಬಟ್ಟೆಗೆ ಡ್ರೈಬ್ರಷ್ ಬೇಡ ಎನ್ನುವುದೇ ನಮ್ಮ ಸಲಹೆ.

ಇಲ್ಲಿನ ಸ್ಟೇಷನರಿ ಅಂಗಡಿಯಲ್ಲಿ ಸಿಗೋ ಬಣ್ಣ ನಡೆಯುತ್ತಾ, ಅಥವಾ ತರಿಸಲೇಬೇಕಾ?

ಪೋಸ್ಟರ್ ಕಲರ್ ನಡೆಯುವುದಿಲ್ಲ. ಅದು ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ಎರಡನೇ ಪದರ ಹಚ್ಚುವಾಗ ಮೊದಲನೆಯದು ಎದ್ದು ಬಂದು ಎಲ್ಲ ಕಲಸಿಹೋಗುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆಯುವ ಫ್ಯಾಬ್ರಿಕ್ ಪೇಂಟ್ ಕೂಡ ಬೇಡ. ಅದು ಬಟ್ಟೆಯ ಜೊತೆ ಬಾಗಲೆಂದು ಮೆತ್ತಗೆ ಉಳಿಯುವ ಬಣ್ಣ, ಗೊಂಬೆಯ ಮೇಲೆ ದಪ್ಪಗೆ, ರಬ್ಬರಿನ ಹಾಗೆ ಕೂರುತ್ತದೆ.

ಟ್ಯೂಬಿನಲ್ಲಿ ಬರುವ ಕಲಾವಿದರ ಅಕ್ರಿಲಿಕ್ ನಡೆಯುತ್ತದೆ. ಬರ್ನ್ಟ್ ಅಂಬರ್ (ಕಡುಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಕಪ್ಪು, ಬಿಳಿ ಇದ್ದರೆ ಮರದ ಕೆಲಸ ಪೂರ್ತಿ ಮುಗಿಯುತ್ತದೆ. ಮಣ್ಣಿನ ಬಣ್ಣಗಳು ಅಗ್ಗದ ಟ್ಯೂಬಿನಲ್ಲೂ ಚೆನ್ನಾಗಿಯೇ ಇರುತ್ತವೆ. ಬಟ್ಟೆಗೆ ಬೇಕಾದ ಕೆಂಪು, ನೀಲಿ, ಹಸಿರನ್ನು ಮಿನಿಯೇಚರ್‌ಗೆಂದೇ ಮಾಡಿದ ವಯೆಹೋ, ಸಿಟಡೆಲ್, ಆರ್ಮಿ ಪೇಂಟರ್ ಮುಂತಾದ ಬಾಟಲಿಗಳಲ್ಲಿ ತರಿಸಿದರೆ ಒಳ್ಳೆಯದು. ಅವುಗಳಲ್ಲಿ ಬಣ್ಣದ ಪುಡಿಯನ್ನು ತುಂಬ ನುಣ್ಣಗೆ ಅರೆದಿರುತ್ತಾರೆ, ತೆಳುವಾಗಿ ಹಚ್ಚಿದರೂ ಮುಚ್ಚುತ್ತದೆ. ಮೊದಲಿಗೆ ಆರೇಳು ಬಾಟಲಿ ಸಾಕು, ಇಡೀ ಪೆಟ್ಟಿಗೆ ತರಿಸಬೇಡಿ.

ಮಗಳಿಗೆ ಅತಿ ಸಣ್ಣ 000 ಬ್ರಷ್ ತಂದುಕೊಟ್ಟೆ. ಆದರೂ ಗೆರೆ ಸರಿಯಾಗಿ ಬರ್ತಿಲ್ಲ, ಯಾಕೆ?

ಗೆರೆಯ ಸಣ್ಣತನ ಬರುವುದು ತುದಿಯಿಂದ, ಬ್ರಷ್‌ನ ಗಾತ್ರದಿಂದಲ್ಲ. 000 ಬ್ರಷ್‌ಗೆ ಹೊಟ್ಟೆಯೇ ಇಲ್ಲ. ಅದು ಹಿಡಿಯುವ ಒಂದಿಷ್ಟು ಬಣ್ಣ ಗೊಂಬೆಗೆ ಮುಟ್ಟುವಷ್ಟರಲ್ಲಿ ತುದಿಯಲ್ಲೇ ಒಣಗುತ್ತದೆ. ಚೂಪು ತುದಿಯ 1ನೇ ನಂಬರ್ ರೌಂಡ್ ಬ್ರಷ್ ಒಂದು, ವಿವರಗಳಿಗೆ 0 ಒಂದು, ಇವೆರಡರಲ್ಲಿ ಎಲ್ಲ ಕೆಲಸ ಆಗುತ್ತದೆ. ಕೊಲಿನ್ಸ್ಕಿ ಸೇಬಲ್ ಕೂದಲಿನದ್ದು ದುಬಾರಿ, ಆದರೆ ತುದಿ ಬಹಳ ಕಾಲ ನಿಲ್ಲುತ್ತದೆ. ಸಿಂಥೆಟಿಕ್ ಬ್ರಷ್‌ನ ತುದಿ ಕೆಲವು ತಿಂಗಳಲ್ಲಿ ಕೊಕ್ಕೆಯಂತೆ ಬಾಗುತ್ತದೆ, ಅದನ್ನು ಆಮೇಲೆ ಮರಕ್ಕೆ ಇಟ್ಟುಕೊಳ್ಳಿ.

ಬಣ್ಣ ಕೂದಲಿನ ಅರ್ಧಕ್ಕಿಂತ ಮೇಲೆ ಹೋಗಬಾರದು. ತಗಡಿನ ಕೊರಳೊಳಗೆ ಬಣ್ಣ ಒಣಗಿದರೆ ಕೂದಲು ಅಗಲಿಕೊಂಡು ತುದಿ ಎರಡಾಗುತ್ತದೆ. ಕೆಲಸ ಮುಗಿದ ಮೇಲೆ ಮೈಸೋಪಿನಿಂದ ತೊಳೆದು, ಬೆರಳಲ್ಲಿ ತುದಿ ಕೂಡಿಸಿ, ಮಲಗಿಸಿ ಒಣಗಿಸಿ.

ಬಣ್ಣಕ್ಕೆ ನೀರು ಎಷ್ಟು?

ಮೊದಲ ಬಣ್ಣಕ್ಕೆ 2:1, ಅಂದರೆ ಗಟ್ಟಿ ಹಾಲಿನ ಹದ. ಪದರಗಳಿಗೆ 1:1ರಿಂದ 1:2, ನೀರು ಬೆರೆಸಿದ ಹಾಲಿನ ಹದ. ಗ್ಲೇಜ್‌ಗೆ (ಕೆಳಗಿನ ಬಣ್ಣದ ಛಾಯೆ ಬದಲಿಸುವ ಅತಿ ತೆಳು ಪದರ) 1:5, ತಿಳಿಸಾರಿನ ಹಾಗೆ ತಳ ಕಾಣಬೇಕು. ಬಾಟಲಿಯಿಂದ ಬಾಟಲಿಗೆ ಗಟ್ಟಿತನ ಬೇರೆಯಿರುವುದರಿಂದ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ. ಗೆರೆ ಕೂಡಲೇ ಹರಡಿದರೆ ನೀರು ಹೆಚ್ಚು, ಗೆರೆಯಲ್ಲಿ ಕೂದಲಿನ ಗುರುತು ಕಂಡರೆ ನೀರು ಕಡಿಮೆ.

ಹದಕ್ಕಿಂತಲೂ ಮುಖ್ಯವಾದದ್ದು, ಬಣ್ಣದಲ್ಲಿ ಅದ್ದಿದ ಬ್ರಷ್‌ನ ಪಕ್ಕವನ್ನು ಒಮ್ಮೆ ಟಿಶ್ಯೂ ಕಾಗದಕ್ಕೆ ಮುಟ್ಟಿಸುವುದು. ಹೊಸಬರ ಹತ್ತರಲ್ಲಿ ಎಂಟು ತೊಂದರೆ ಈ ಒಂದು ಹೆಜ್ಜೆ ಬಿಟ್ಟಿದ್ದರಿಂದಲೇ ಬರುತ್ತದೆ. ಒರೆಸದ ಬ್ರಷ್‌ನಿಂದ ಹನಿ ಇಳಿದು ಮಡಿಕೆಯಲ್ಲಿ ನಿಂತು, ಒಣಗಿದಾಗ ಸುತ್ತ ಉಂಗುರದ ಕಲೆ ಬಿಡುತ್ತದೆ.

ವೆಟ್ ಪ್ಯಾಲೆಟ್ ಮನೆಯಲ್ಲೇ ಮಾಡ್ಕೊಳ್ಳಬಹುದಾ?

ಖಂಡಿತ. ವೆಟ್ ಪ್ಯಾಲೆಟ್ ಎಂದರೆ ಬೆರೆಸಿದ ಬಣ್ಣ ಬೇಗ ಒಣಗದಂತೆ ತೇವದ ಕಾಗದದ ಮೇಲಿಡುವ ತಟ್ಟೆ. ಬಿಗಿ ಮುಚ್ಚಳದ ಚಪ್ಪಟೆ ಪ್ಲಾಸ್ಟಿಕ್ ಟಿಫಿನ್ ಡಬ್ಬಿ, ತಳಕ್ಕೆ ಅಡುಗೆಮನೆಯ ತೆಳು ಸ್ಪಂಜು ಬಟ್ಟೆ ಅಥವಾ ಐದಾರು ಮಡಿಕೆ ಟಿಶ್ಯೂ, ಅದರ ಮೇಲೆ ಬೇಕಿಂಗ್ ಪೇಪರ್. ಸ್ಪಂಜು ಪೂರ್ತಿ ನೆನೆಯಬೇಕು, ಆದರೆ ಡಬ್ಬಿ ಓರೆ ಮಾಡಿದರೆ ನೀರು ಹರಿಯಬಾರದು. ಮೇಣ ಸವರಿದ ಕಾಗದವಾದರೆ ನೀರು ಮೇಲೆ ಬರುವುದೇ ಇಲ್ಲ. ಕಾಗದ ಹಾಸಿ ಹತ್ತು ನಿಮಿಷ ಬಿಟ್ಟು ಬೆರಳಿಟ್ಟು ನೋಡಿ, ತಂಪು ತಾಗಿದರೆ ಸರಿ.

ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಎರಡು ಮೂರು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ದಿನವೂ ನೀರು ಬದಲಿಸಿ, ವಾರಕ್ಕೊಮ್ಮೆ ಸ್ಪಂಜನ್ನು ಕುದಿನೀರಿನಲ್ಲಿ ಅದ್ದಿ ತೆಗೆಯಿರಿ. ವಾಸನೆ ಬಂದ ಬಣ್ಣ ಉಳಿಸಿಕೊಳ್ಳಬೇಡಿ.

ಆಷಾಢದಲ್ಲಿ ಸ್ಪ್ರೇ ಪ್ರೈಮರ್ ಹೊಡೆದರೆ ಬಿಳಿ ಪುಡಿ ಕೂತ ಹಾಗಾಗ್ತದೆ. ಏನ್ ಮಾಡೋದು ಮಾರಾಯ್ರೇ?

ಪ್ರೈಮರ್ ಎಂದರೆ ಬಣ್ಣ ಹಿಡಿಯಲೆಂದು ಎಲ್ಲಕ್ಕಿಂತ ಮೊದಲು ಹಚ್ಚುವ ತಳಪದರ. ಆ ದಿನಗಳಲ್ಲಿ ಅದನ್ನು ಸ್ಪ್ರೇ ಹೊಡೆಯದಿರುವುದೇ ಉತ್ತರ. ಸ್ಪ್ರೇಯ ದ್ರಾವಕ ಆರುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಹಸಿ ಬಣ್ಣದ ಮೇಲೆ ಹನಿಗಟ್ಟಿ ಬಣ್ಣ ಬಿಳಿಚಿಕೊಳ್ಳುತ್ತದೆ. ತೇವಾಂಶ 65 ಶೇಕಡಕ್ಕಿಂತ ಹೆಚ್ಚಿದ್ದರೆ ಸ್ಪ್ರೇ ಮುಟ್ಟಬೇಡಿ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಆಗುಂಬೆ, ಹೊಸನಗರ ಕಡೆ ಇದಕ್ಕಿಂತ ಕಡಿಮೆ ತೇವ ಸಿಗುವ ಹೊತ್ತೇ ಇರುವುದಿಲ್ಲ. ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಒಂದನ್ನು ಇಟ್ಟುಕೊಳ್ಳಿ.

ಮಳೆಗಾಲಕ್ಕೆ ಬ್ರಷ್‌ನಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಒಳ್ಳೆಯದು. ಹಗುರವಾದ ಎರಡು ಕೋಟು ಕೊಟ್ಟು ರಾತ್ರಿಯಿಡೀ ಬಿಡಿ. ಬೇಗ ಒಣಗಲೆಂದು ಬಚ್ಚಲೊಲೆಯ ಹತ್ತಿರ ಇಡುವವರಿದ್ದಾರೆ. ಮಸಿ ಕೂರುವುದರ ಜೊತೆಗೆ ತೆಳು ಕತ್ತಿ, ಭರ್ಚಿಗಳು ಬಿಸಿಗೆ ಸೊಟ್ಟಗಾಗುತ್ತವೆ.

ಬೇಸಿಗೆಯಲ್ಲೂ ಪ್ರೈಮರ್ ಒರಟಾಗುವುದುಂಟು, ಆಗ ಕಾರಣ ಬೇರೆ. ದೂರದಿಂದ ಹೊಡೆದ ಬಣ್ಣ ಗಾಳಿಯಲ್ಲೇ ಒಣಗಿ ದೂಳಾಗಿ ಕೂರುತ್ತದೆ. 20ರಿಂದ 25 ಸೆಂ.ಮೀ. ದೂರದಲ್ಲಿ ಹಿಡಿದು, ಗೊಂಬೆಯ ಆಚೆಯಿಂದ ಈಚೆಗೆ ಬೀಸಿ ಹೊಡೆಯಿರಿ. ಯಾವ ಕಾಲವಾದರೂ ಪ್ರೈಮರ್‌ಗೆ ಮೊದಲು ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆ ನೀರಿನಲ್ಲಿ ಗೊಂಬೆ ತೊಳೆಯಬೇಕು, ಅಚ್ಚಿನ ಜಿಡ್ಡು ಇದ್ದರೆ ಬಣ್ಣ ಹಿಡಿಯುವುದಿಲ್ಲ.

## ಬಟ್ಟೆ

ಮೇಲಂಗಿಯಲ್ಲಿ ಬೆಳಕು ಎಲ್ಲಿ, ನೆರಳು ಎಲ್ಲಿ ಅಂತ ಹೇಗೆ ಗೊತ್ತಾಗಬೇಕು?

ಬೆಳಕು ನೆತ್ತಿಯ ಮೇಲಿಂದ ಬೀಳುತ್ತಿದೆ ಎಂದುಕೊಳ್ಳಿ. ಹೆಗಲು, ನೆರಿಗೆಗಳ ಏಣು, ಮೊಣಕಾಲು ಬಟ್ಟೆಯನ್ನು ತಳ್ಳಿದ ಜಾಗ, ಇವೆಲ್ಲ ತಿಳಿ. ನೆರಿಗೆಗಳ ನಡುವಿನ ಸಂದಿ, ನಡುಪಟ್ಟಿಯ ಕೆಳಗು, ತೋಳಿನ ಅಡಿ ಕಡು. ಒಂದೇ ಏಣು ಹೆಗಲಿನಿಂದ ಕಾಲಿನವರೆಗೆ ಇಳಿದಿದ್ದರೂ ಉದ್ದಕ್ಕೂ ಒಂದೇ ತಿಳಿ ಬಣ್ಣ ಕೊಡಬಾರದು. ಮೇಲೆ ಹೆಚ್ಚು, ಕೆಳಗಿಳಿದಂತೆ ಕಡಿಮೆ, ಬಟ್ಟೆ ಹೊರಕ್ಕೆ ಬಾಗಿದಲ್ಲಿ ಮತ್ತೆ ಸ್ವಲ್ಪ.

ಪ್ರೈಮರ್ ಆದ ಗೊಂಬೆಯನ್ನು ಮೇಜಿನ ದೀಪದ ಕೆಳಗೆ ನೆಟ್ಟಗೆ ಹಿಡಿದು ಫೋನಿನಲ್ಲಿ ನಾಲ್ಕು ಕಡೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಪೂರ್ತಿ ಕೆಲಸಕ್ಕೆ ಅದೇ ನಕ್ಷೆ. ಇನ್ನೊಂದು ದಾರಿ, ಒಂದು ಪಂಚೆಯನ್ನು ಕುರ್ಚಿಯ ಬೆನ್ನಿಗೆ ಇಳಿಬಿಟ್ಟು ಕಿಟಕಿಯ ಪಕ್ಕ ಇಟ್ಟು ನೋಡುವುದು. ನೆರಿಗೆ ಎಳೆತ ಬಿದ್ದ ಕಡೆಯಿಂದ ಹೊರಟು ಬೀಸಣಿಗೆಯ ಹಾಗೆ ಅಗಲವಾಗುವುದು ಚೆನ್ನಾಗಿ ಕಾಣುತ್ತದೆ.

ಕೆಂಪು ಮೇಲಂಗಿಗೆ ಶುರುವಿನಿಂದ ಕೊನೇವರೆಗೆ ಹಂತ ಹೇಳಿ.

ಕೆಂಪಿನಲ್ಲಿ ಕಲಿತರೆ ಉಳಿದವು ಸುಲಭ, ಏಕೆಂದರೆ ಕೆಂಪು ಅಷ್ಟು ಸುಲಭಕ್ಕೆ ಕೆಳಗಿನ ಬಣ್ಣವನ್ನು ಮುಚ್ಚುವುದಿಲ್ಲ. ಕಪ್ಪು ಪ್ರೈಮರ್‌ಗಿಂತ ಬೂದು ಅಥವಾ ಕಂದು ಪ್ರೈಮರ್ ಒಳ್ಳೆಯದು.

1. ಮೂರು ಹನಿ ಕೆಂಪು, ಒಂದು ಹನಿ ಕಡುಕಂದು, ಎರಡು ಹನಿ ನೀರು. ಇಡೀ ಮೇಲಂಗಿಗೆ ಎರಡು ಕೋಟು. ಮೊದಲ ಕೋಟು ಪಟ್ಟೆ ಪಟ್ಟೆಯಾಗಿ ಕಾಣುವುದು ಸಹಜ, ತಿದ್ದಲು ಹೋಗದೆ ಒಣಗಲು ಬಿಡಿ.
2. ನೆರಳಿಗೆ ಅದೇ ಮಿಶ್ರಣಕ್ಕೆ ಇನ್ನೊಂದು ಹನಿ ಕಡುಕಂದು, ಸೂಜಿ ಮೊನೆಯಷ್ಟು ಕಡುನೀಲಿ, ನಾಲ್ಕು ಪಾಲು ನೀರು. ಇದನ್ನು ಸಂದಿಗಳಲ್ಲಿ ಮಾತ್ರ ಎಳೆಯಿರಿ. ಎಲ್ಲಾದರೂ ಕೆರೆ ಕಟ್ಟಿದರೆ ಒಣ ಬ್ರಷ್‌ನ ತುದಿ ಮುಟ್ಟಿಸಿ ಹೀರಿಕೊಳ್ಳಿ.
3. ಮೊದಲ ಮಿಶ್ರಣವನ್ನೇ 1:1 ಮಾಡಿ, ಸಂದಿಗಳನ್ನು ಬಿಟ್ಟು ಉಳಿದೆಡೆ ಮತ್ತೆ ಹಚ್ಚಿ. ಉಕ್ಕಿಹೋದ ನೆರಳಿನ ಕಲೆಗಳು ಇಲ್ಲಿ ಮುಚ್ಚುತ್ತವೆ.
4. ಬರೀ ಕೆಂಪು, 1:1. ಪ್ರತಿ ನೆರಿಗೆಯ ಮೇಲಿನ ಮೂರರಲ್ಲಿ ಎರಡು ಪಾಲಿಗೆ.
5. ಎರಡು ಪಾಲು ಕೆಂಪು, ಒಂದು ಪಾಲು ಕಿತ್ತಳೆ, 1:2 ನೀರು. ಮೇಲಿನ ಮೂರರಲ್ಲಿ ಒಂದು ಪಾಲಿಗೆ, ಎರಡು ಸಲ.
6. ಒಂದು ಪಾಲು ಕೆಂಪು, ಎರಡು ಪಾಲು ಕಿತ್ತಳೆ. ಏಣಿನ ಮೇಲೆ ಗೆರೆ ಮಾತ್ರ.
7. ಕಿತ್ತಳೆಗೆ ಸ್ವಲ್ಪ ದಂತದ ಬಣ್ಣ ಬೆರೆಸಿ ಹೆಗಲಿನ ತುದಿ, ಬಟ್ಟೆಯ ಕೆಳಂಚು, ಕೊಕ್ಕೆ ಹಾಕಿದ ಜಾಗದ ನೆರಿಗೆಗೆ ಚುಕ್ಕಿಯಷ್ಟು.

ಬೇಸಿಗೆಯಲ್ಲಿ ಪದರದಿಂದ ಪದರಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಜಡಿಮಳೆಯ ದಿನ ಅರ್ಧ ಗಂಟೆ ಬಿಡಿ. ಮೇಲೆ ಒಣಗಿ ಒಳಗೆ ಹಸಿಯಿರುವ ಪದರವನ್ನು ಬ್ರಷ್ ತಾಗಿಸಿದರೆ ಸಿಪ್ಪೆಯಂತೆ ಎದ್ದು ಬರುತ್ತದೆ, ಅಲ್ಲಿ ಗುಂಡಿ ಬೀಳುತ್ತದೆ. ಹಾಗಾದರೆ ತಕ್ಷಣ ಮುಚ್ಚಲು ಹೋಗಬೇಡಿ. ಪೂರ್ತಿ ಒಣಗಿಸಿ, ಅಂಚನ್ನು ನುಣುಪು ಉಪ್ಪುಕಾಗದದಲ್ಲಿ ಸವರಿ, ಮೂರನೇ ಹಂತದಿಂದ ಮತ್ತೆ ಬನ್ನಿ.

ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಗೆರೆ ಎದ್ದು ಕಾಣ್ತದೆ. ನಯವಾಗಿ ಬೆರೆಯೋದೇ ಇಲ್ಲ.

ಮೂರು ಕಾರಣ ಇರಬಹುದು. ಎರಡು ಬಣ್ಣಗಳ ನಡುವಿನ ಅಂತರ ದೊಡ್ಡದಿರಬಹುದು, ಆಗ ಎರಡನ್ನೂ ಸಮ ಬೆರೆಸಿ ಆ ಗಡಿಯ ಮೇಲೆ ಒಂದು ಮಧ್ಯದ ಪದರ ಎಳೆಯಿರಿ. ಬಣ್ಣ ಗಟ್ಟಿಯಿರಬಹುದು. ಇಲ್ಲವೇ ಬ್ರಷ್ ಎಳೆಯುವ ದಿಕ್ಕು ತಪ್ಪಿರಬಹುದು, ಇದೇ ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ.

ಬ್ರಷ್ ಎಲ್ಲಿ ಗೊಂಬೆಯನ್ನು ಬಿಟ್ಟು ಏಳುತ್ತದೋ ಅಲ್ಲಿ ಬಣ್ಣ ಹೆಚ್ಚು ನಿಲ್ಲುತ್ತದೆ. ಆದ್ದರಿಂದ ತಿಳಿ ಪದರ ಹಚ್ಚುವಾಗ ನೆರಳಿನ ಕಡೆ ಬ್ರಷ್ ಊರಿ ಬೆಳಕಿನ ಕಡೆಗೆ ಎಳೆದು ಎತ್ತಬೇಕು. ನೆರಳಿನ ಪದರವಾದರೆ ಬೆಳಕಿನಿಂದ ಸಂದಿಯ ಕಡೆಗೆ. ಉಲ್ಟಾ ಎಳೆದರೆ ಬಣ್ಣದ ದಂಡೆ ಸರಿಯಾಗಿ ಗಡಿಯ ಮೇಲೆಯೇ ಕೂರುತ್ತದೆ. ಗೊಂಬೆಯನ್ನು ತಲೆಕೆಳಗು ಮಾಡಿ ಹಿಡಿದರೂ ತೊಂದರೆಯಿಲ್ಲ, ಕೈಗೆ ಹಿತವಾದ ದಿಕ್ಕಿಗೆ ಗೊಂಬೆಯನ್ನೇ ತಿರುಗಿಸಿ. ಖಾಲಿ ಔಷಧಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದರೆ ಇದು ಸಲೀಸು.

ಒಂದು ಮಾತು ನೆನಪಿರಲಿ. ಕಣ್ಣಿಗೆ ಒಂದು ಗೇಣು ದೂರದಲ್ಲಿ ಹಿಡಿದಾಗ ಕಾಣುವ ಗೆರೆಗಳು ಮೇಜಿನ ಮೇಲಿಟ್ಟಾಗ ಮಾಯವಾಗುತ್ತವೆ. ಆಟಕ್ಕೆ ಬಳಸುವ ಗೊಂಬೆಯಾದರೆ ನಾಲ್ಕು ಪದರಕ್ಕೆ ನಿಲ್ಲಿಸಿ, ಮುಂದಿನ ಗೊಂಬೆ ಎತ್ತಿಕೊಳ್ಳಿ.

ಹೈಲೈಟ್ (ಬೆಳಕು ಬೀಳುವ ಕಡೆಯ ತಿಳಿ ಪದರ) ಕೊಟ್ಟ ಜಾಗ ಸುಣ್ಣ ಬಳಿದ ಹಾಗೆ ಮಂಕಾಗಿದೆ. ಏನು ತಪ್ಪಾಯ್ತು?

ಬಿಳಿ ಬೆರೆಸಿದ್ದೇ ತಪ್ಪು. ಬಿಳಿ ಬಣ್ಣವನ್ನು ತಿಳಿ ಮಾಡುವುದರ ಜೊತೆಗೆ ಅದರ ಕಳೆಯನ್ನೂ ತೆಗೆಯುತ್ತದೆ, ಕೆಂಪು ಗುಲಾಬಿಯಾಗುತ್ತದೆ. ಕೆಂಪಿಗೆ ಕಿತ್ತಳೆ, ಹಸಿರಿಗೆ ಹಳದಿ ಅಥವಾ ದಂತದ ಬಣ್ಣ, ಕಂದಿಗೆ ಓಕರ್, ನೀಲಿಗೆ ತಿಳಿ ಬೂದುನೀಲಿ ಬೆರೆಸಿ. ಈಗಾಗಲೇ ಮಂಕಾದ ಜಾಗಕ್ಕೆ ಮೂಲ ಬಣ್ಣದ 1:5 ಗ್ಲೇಜ್ ಒಂದು ಸಲ ಎಳೆದರೆ ಕಳೆ ಮರಳುತ್ತದೆ.

ಎಲ್ಲ ಬಟ್ಟೆನೂ ಒಂದೇ ಥರ ಕಾಣ್ತದೆ. ಕಂಬಳಿ ಕಂಬಳಿ ಹಾಗೆ, ರೇಷ್ಮೆ ರೇಷ್ಮೆ ಹಾಗೆ ಕಾಣಬೇಕು ಅಂದ್ರೆ?

ಬಟ್ಟೆಯ ಜಾತಿ ತಿಳಿಯುವುದು ಬಣ್ಣದಿಂದಲ್ಲ. ಹೈಲೈಟ್ ಎಷ್ಟು ಅಗಲ, ಎಷ್ಟು ಹೊಳಪು, ಅದರ ಅಂಚು ಎಷ್ಟು ಚೂಪು ಎನ್ನುವುದೇ ತಿಳಿಸುತ್ತದೆ.

ಕಂಬಳಿ ಬೆಳಕನ್ನು ಹೀರುತ್ತದೆ. ಗದ್ದೆ ಕೆಲಸಕ್ಕೆ ಕೊಪ್ಪೆ ಹಾಕಿಕೊಂಡವರ ಕಂಬಳಿಯನ್ನು ನೋಡಿ, ಅದರಲ್ಲಿ ಎಲ್ಲೂ ಹೊಳಪಿಲ್ಲ, ಕಪ್ಪೂ ಪೂರ್ತಿ ಕಪ್ಪಲ್ಲ, ಕಂದು ಕಪ್ಪು. ಅದಕ್ಕೆ ಮೂರೇ ಪದರ ಸಾಕು, ಕೊನೆಯದೂ ಮೊದಲಿನದಕ್ಕಿಂತ ತುಸುವೇ ತಿಳಿ. ಆದರೆ ಸವರಬಾರದು. ಬ್ರಷ್‌ನ ತುದಿಯಿಂದ ಒತ್ತೊತ್ತಾಗಿ ಚುಕ್ಕಿ, ಅರ್ಧ ಮಿ.ಮೀ. ಉದ್ದದ ಗೀಟು ಇಡುತ್ತ ಹೋಗಬೇಕು. ಅಡ್ಡ ಗೀಟಿನ ಮೇಲೆ ಉದ್ದ ಗೀಟು ಹಾಕಿದರೆ ನೇಯ್ಗೆಯೇ ಕಾಣುತ್ತದೆ. ಕೈ ನಡುಗುವವರಿಗೆ ಇದು ವರ, ಒರಟುತನವೇ ಇಲ್ಲಿ ಅಂದ.

ರೇಷ್ಮೆ ತದ್ವಿರುದ್ಧ. ನೆರಳು ಕಡುವಾಗಿ, ಹೈಲೈಟ್ ಕೂದಲೆಳೆಯಂತೆ ಕಿರಿದಾಗಿ, ಹೆಚ್ಚುಕಡಿಮೆ ಬಿಳಿಗೆ ಮುಟ್ಟುವಂತೆ. ನಡುವಿನ ಬದಲಾವಣೆ ಚಿಕ್ಕ ಜಾಗದಲ್ಲಿ ಮುಗಿಯಬೇಕು. ಸಂದಿಯ ತಳದಲ್ಲೂ ಪಕ್ಕದ ನೆರಿಗೆಯಿಂದ ಪುಟಿದ ಮಂದ ಬೆಳಕಿನ ಗೆರೆಯೊಂದನ್ನು ಹಾಕಿದರೆ ರೇಷ್ಮೆ ಎದ್ದು ಬರುತ್ತದೆ. ಹತ್ತಿ ಇವೆರಡರ ನಡುವೆ. ಹೈಲೈಟ್ ಅಗಲ, ಮೆತ್ತಗೆ.

ಮೊಣಕೈ, ಹೆಗಲಿನ ಸವೆತ ತೋರಿಸಲು ಅಲ್ಲಿ ಮಾತ್ರ ತಿಳಿ ಕಂದಿನ ಹತ್ತಾರು ಸಣ್ಣ ಗೀಟು ಸಾಕು.

ಕಪ್ಪು ಮತ್ತು ಬಿಳಿ ಬಟ್ಟೆಗೆ ಪದರ ಹೇಗೆ?

ಕಪ್ಪಿಗೆ ಬರೀ ಕಪ್ಪು, ಬಿಳಿಗೆ ಬರೀ ಬಿಳಿ ಹಚ್ಚಿದರೆ ಮುಂದಕ್ಕೆ ಹೋಗಲು ಜಾಗವೇ ಇರುವುದಿಲ್ಲ. ಕಪ್ಪು ಬಟ್ಟೆಯನ್ನು ಕಪ್ಪಿಗೆ ಕಡುನೀಲಿ ಅಥವಾ ಕಡುಕಂದು ಬೆರೆಸಿ ಶುರು ಮಾಡಿ. ಹೈಲೈಟ್ ಒಟ್ಟು ಜಾಗದ ಹತ್ತರಲ್ಲೊಂದು ಪಾಲು ದಾಟಬಾರದು, ದಾಟಿದರೆ ಅದು ಬೂದು ಬಟ್ಟೆ. ಬಿಳಿಯನ್ನು ತಿಳಿ ಬೂದು ಅಥವಾ ಮರಳಿನ ಬಣ್ಣದಿಂದ ಶುರು ಮಾಡಿ, ದಂತದ ಬಣ್ಣಕ್ಕೆ ಬಂದು, ಅಪ್ಪಟ ಬಿಳಿಯನ್ನು ಕೊನೆಯ ಏಣಿಗೆ ಉಳಿಸಿ. ಬಿಳಿ ಬಟ್ಟೆಯ ಮೇಲೆ ಅಂಗಡಿಯ ವಾಶ್ (ತಗ್ಗಿಗೆ ಹರಿದು ನೆರಳು ಕೊಡುವ ತೆಳು ಬಣ್ಣ) ಸುರಿಯುವುದು ಬೇಡವೇ ಬೇಡ, ಕಲೆ ತೆಗೆಯುವಷ್ಟರಲ್ಲಿ ಸಂಜೆಯಾಗುತ್ತದೆ.

ಸೀರೆಯಂಚಿನ ಹಾಗೆ ಅಂಚು ಬರೆಯೋದು ಯಾವಾಗ, ನೆರಳು ಬೆಳಕಿಗೆ ಮೊದಲಾ ಆಮೇಲಾ?

ಆಮೇಲೆ. ಮೊದಲು ಬಟ್ಟೆಯ ಎಲ್ಲ ಪದರ ಮುಗಿಸಿ, ಅಂಚಿನ ಬಣ್ಣವನ್ನು ಮೂರು ಹದದಲ್ಲಿ ಮಾಡಿಟ್ಟುಕೊಳ್ಳಿ. ಗೆರೆ ಸಂದಿಯಲ್ಲಿ ಇಳಿದಾಗ ಕಡು, ಏಣು ಹತ್ತಿದಾಗ ತಿಳಿ. ಒಂದೇ ಬಣ್ಣದಲ್ಲಿ ಎಳೆದ ಅಂಚು ಬಟ್ಟೆಯ ಮೇಲೆ ತೇಲಿದಂತೆ ಕಾಣುತ್ತದೆ.

## ಮರ

ಮರಕ್ಕೂ ಬಟ್ಟೆಗೂ ಪದರ ಹಾಕೋದರಲ್ಲಿ ಏನು ಫರಕು?

ಬಟ್ಟೆಯಲ್ಲಿ ಬ್ರಷ್‌ನ ಗುರುತು ಅಡಗಬೇಕು, ಮರದಲ್ಲಿ ಅದೇ ಗುರುತು ಕಾಣಬೇಕು. ಬಟ್ಟೆಯ ಆಕಾರ ಹೇಳುವುದು ಬೆಳಕು, ಮರದ ಆಕಾರ ಹೇಳುವುದು ಎಳೆ. ಹಾಗಾಗಿ ಮರಕ್ಕೆ ಹಚ್ಚುವ ಪ್ರತಿ ಪದರವೂ ಉದ್ದುದ್ದ ಗೀಟುಗಳ ಕಂತೆ, ನಡುನಡುವೆ ಹಿಂದಿನ ಬಣ್ಣ ಇಣುಕುತ್ತಿರಬೇಕು. ಎಳೆ ಯಾವಾಗಲೂ ಮರ ಬೆಳೆದ ದಿಕ್ಕಿಗೇ ಹೋಗುತ್ತದೆ. ಭರ್ಚಿಯ ಕಾವಿನಲ್ಲಿ ಉದ್ದಕ್ಕೆ, ಬಾಗಿದ ಬಿಲ್ಲಿನಲ್ಲಿ ಬಾಗಿನ ಜೊತೆಗೆ. ಕಡಿದ ತುದಿಯಲ್ಲಿ ಮಾತ್ರ ಉದ್ದ ಗೀಟು ಬರುವುದಿಲ್ಲ, ಅಲ್ಲಿ ಉಂಗುರದ ಸುತ್ತುಗಳು. ಮರದ ತುಂಡಿನ ತುದಿಗೂ ಉದ್ದ ಗೀಟು ಎಳೆದಿದ್ದರೆ ನೋಡಿದವರಿಗೆ ಕಾರಣ ತಿಳಿಯದಿದ್ದರೂ ಏನೋ ತಪ್ಪಿದೆ ಎನಿಸುತ್ತದೆ.

ಕೊಡಲಿ ಕಾವಿಗೂ ಹಲಗೆ ಗುರಾಣಿಗೂ ಹಂತ ಹೇಳಿ.

ಕಾವಿಗೆ: ನಾಲ್ಕು ಪಾಲು ಬರ್ನ್ಟ್ ಅಂಬರ್‌ಗೆ ಒಂದು ಪಾಲು ಕಪ್ಪು, ಪೂರ್ತಿ ಒಂದು ಕೋಟು. ಒಣಗಿದ ಮೇಲೆ ಎರಡು ಪಾಲು ಅಂಬರ್, ಒಂದು ಪಾಲು ಓಕರ್, 1:1 ನೀರು ಹಾಕಿ ಉದ್ದ ಗೀಟುಗಳು, ಮೂರರಲ್ಲಿ ಎರಡು ಪಾಲು ಜಾಗ ತುಂಬುವಷ್ಟು. ಗೀಟುಗಳ ಉದ್ದ, ದಪ್ಪ ಒಂದೇ ಆಗಿರಬಾರದು. ಮುಂದಿನ ಪದರ ಅಂಬರ್, ಓಕರ್ ಸಮ ಸಮ, ಗೀಟು ಅರ್ಧಕ್ಕರ್ಧ ಕಡಿಮೆ. ಕೊನೆಗೆ ಎರಡು ಪಾಲು ಓಕರ್, ಒಂದು ಪಾಲು ದಂತದ ಬಣ್ಣ, ಬೆಳಕು ಬೀಳುವ ಮಗ್ಗುಲಿಗೆ ಮತ್ತು ತುದಿಗೆ ನಾಲ್ಕೈದೇ ಗೀಟು. ಈ ಹೊತ್ತಿಗೆ ಅದು ಹುಲ್ಲಿನ ಕಂತೆಯಂತೆ ಕಾಣುತ್ತದೆ, ಗಾಬರಿ ಬೇಡ. ಬರ್ನ್ಟ್ ಸಿಯೆನ್ನಾದ 1:5 ಗ್ಲೇಜ್ ಒಂದು ಸಲ ಎಳೆಯಿರಿ, ಎಲ್ಲ ಗೀಟುಗಳೂ ಒಂದೇ ಮರಕ್ಕೆ ಸೇರುತ್ತವೆ. ಕೈ ಹಿಡಿಯುವ ಜಾಗ ಬೆವರು, ಎಣ್ಣೆ ಕುಡಿದು ಕಡುವಾಗುತ್ತದೆ. ಅಲ್ಲಿ ಇನ್ನೊಂದು ಗ್ಲೇಜ್.

ಗುರಾಣಿಯಲ್ಲಿ ಐದಾರು ಹಲಗೆ ಜೋಡಿಸಿರುತ್ತಾರೆ. ಎಲ್ಲವೂ ಒಂದೇ ಮರದಿಂದ ಬಂದಿರುವುದಿಲ್ಲ. ಮೊದಲ ಬಣ್ಣವನ್ನೇ ಮೂರು ಮಾಡಿ: ಒಂದು ಹಾಗೆಯೇ, ಒಂದಕ್ಕೆ ತುಸು ಬೂದು, ಒಂದಕ್ಕೆ ತುಸು ಸಿಯೆನ್ನಾ. ಅಕ್ಕಪಕ್ಕ ಒಂದೇ ಬಾರದಂತೆ ಹಂಚಿ. ಆಮೇಲಿನ ಪದರಗಳು ಕಾವಿನ ಹಾಗೆಯೇ. ಹಲಗೆಗಳ ಸಂದಿಗೆ ಕಪ್ಪು ಬೆರೆತ ಅಂಬರ್ ಗೆರೆ ಎಳೆದು, ಅದರ ಕೆಳ ತುಟಿಗೆ ಒಂದು ತಿಳಿ ಗೆರೆ ಕೊಡಿ. ಮೇಲಿಂದ ಬರುವ ಬೆಳಕು ಬಿರುಕಿನ ಕೆಳ ತುಟಿಗೇ ತಾಗುವುದು. ಬರೀ ಬಣ್ಣದಲ್ಲಿ ಬಿರುಕು ಬರೆಯುವಾಗಲೂ ಇದೇ ಜೋಡಿ ಗೆರೆ.

ಅಚ್ಚಿನಲ್ಲಿ ಮರದ ಎಳೆಯೇ ಇಲ್ಲ, ಪೂರಾ ನುಣುಪು. ಆಗ?

ಪ್ರೈಮರ್‌ಗೆ ಮೊದಲೇ ಗೊತ್ತಾದರೆ ಕಟ್ಟರ್ ಅಲಗಿನ ಬೆನ್ನಿನಿಂದ ಉದ್ದಕ್ಕೆ ಹಗುರವಾಗಿ ಗೀರಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬಣ್ಣ ಶುರುವಾದ ಮೇಲಾದರೆ ಬರೆಯುವುದೊಂದೇ ದಾರಿ. ಗಂಟಿನಿಂದ ಶುರು ಮಾಡಿ: ಬೇಳೆಯಾಕಾರದ ಕಡು ಚುಕ್ಕಿ, ಅದರ ಸುತ್ತ ತಿಳಿ ಉಂಗುರ, ಉಳಿದ ಎಳೆಗಳು ಹೊಳೆಯ ನೀರು ಬಂಡೆಯನ್ನು ಬಳಸಿ ಹೋಗುವಂತೆ ಅದನ್ನು ಬಳಸಿ ಸಾಗಬೇಕು. ಒಂದು ಗುರಾಣಿಗೆ ಎರಡು ಗಂಟು ಸಾಕು.

ಹಳೇ ಮರ ಕಂದು ಇರ್ತದಾ, ಬೂದು ಇರ್ತದಾ?

ಅದು ಎಲ್ಲಿತ್ತು ಎನ್ನುವುದರ ಮೇಲೆ. ಬಿಸಿಲು ಮರದ ಲಿಗ್ನಿನ್ ಅನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಉಳಿಯುವುದು ಬೂದುಬೆಳ್ಳಿಯ ನಾರು. ತೋಟದ ಉಣುಗೋಲು, ಬೇಲಿಗೆ ಕಟ್ಟಿದ ಅಡಿಕೆ ದಬ್ಬೆ ಎರಡು ಮಳೆಗಾಲದಲ್ಲಿ ಬೂದಾಗುವುದು ಹೀಗೆ. ಅದೇ ಊರಿನ ತೊಟ್ಟಿಮನೆಯ ಕಂಬ ಸೂರಿನಡಿ ನಿಂತು, ಎಣ್ಣೆಗೈ ತಾಗಿ, ನೂರು ವರ್ಷವಾದರೂ ಕಡುಕಂದು. ಅಡುಗೆಮನೆ ಅಟ್ಟದ ತೊಲೆ ಹೊಗೆ ಕುಡಿದು ಕಪ್ಪು.

ಗೊಂಬೆಗೂ ಇದೇ ಲೆಕ್ಕ. ಸೈನಿಕನ ಭರ್ಚಿ, ಕೊಡಲಿ ಕಾವು ದಿನಾ ಕೈಯಲ್ಲಿರುವ ವಸ್ತು, ಅವಕ್ಕೆ ಬಿಸಿ ಕಂದು. ಹಾಳುಬಿದ್ದ ಬಂಡಿ, ಸತ್ತವನ ಗುರಾಣಿ, ಬೇಲಿಗೂಟ, ಇವಕ್ಕೆ ಬೂದು. ಬೂದು ಮರಕ್ಕೆ ಅಂಬರ್ ಮೇಲೆ ನಡುವಿನ ಬೂದು, ಆಮೇಲೆ ಬೂದಿಗೆ ಮರಳಿನ ಬಣ್ಣ ಬೆರೆಸಿ, ಕೊನೆಗೆ ದಂತದ ಬಣ್ಣದ ಗೀಟುಗಳು. ಬಿರುಕುಗಳೊಳಗೆ ಕಂದು ಉಳಿಸಿ, ಬಿಸಿಲು ಅಲ್ಲಿಗೆ ಮುಟ್ಟಿರುವುದಿಲ್ಲ.

ಬೀಟೆ, ಸಾಗುವಾನಿ, ಹಲಸು ಅಂತ ಬೇರೆ ಬೇರೆ ತೋರಿಸೋಕೆ ಆಗುತ್ತಾ?

ಆಗುತ್ತದೆ, ಮಂತ್ರವಾದಿಯ ಕೋಲಿಗೆ ಬೀಟೆಯಷ್ಟು ಚೆಂದದ್ದು ಬೇರೆಯಿಲ್ಲ. ಬೀಟೆಗೆ ಕಪ್ಪುಕಂದಿನಲ್ಲಿ ಒಂದು ಚೂರು ನೇರಳೆ ಬೆರೆಸಿ, ಹೈಲೈಟ್‌ಗೆ ಕೆಂಗಂದು, ನಡುವೆ ಕಪ್ಪು ಎಳೆ. ಓಕರ್ ಹತ್ತಿರ ಬರಬಾರದು. ಸಾಗುವಾನಿಗೆ ಅಂಬರ್ ಮೇಲೆ ಓಕರ್, ಹೊಂಬಣ್ಣದ ಕಡೆಗೆ. ಹಸಿ ಹಲಸು ಅರಿಸಿನದ ಹಳದಿ, ಹಳತಾದಂತೆ ಕಿತ್ತಳೆಗಂದು, ಹಾಗಾಗಿ ಸಿಯೆನ್ನಾ ಮೇಲೆ ಓಕರ್ ಮತ್ತು ಹಳದಿ. ಅಡಿಕೆಯ ದಬ್ಬೆಯ ಕಡಿದ ಮೈ ತಿಳಿಗಂದು, ಅದರಲ್ಲಿ ಕಪ್ಪು ನಾರಿನ ಗೀಟು ಒತ್ತೊತ್ತಾಗಿ. ಅಡಿಕೆಯ ಕಡಿದ ತುದಿಗೆ ಉಂಗುರ ಬರೆಯಬೇಡಿ, ಅದು ತಾಳೆಯ ಜಾತಿ, ಚುಕ್ಕಿಗಳೇ ಸರಿ.

## ಕೈ ಪಳಗಿದವರಿಗೆ

ವಾಶ್, ಗ್ಲೇಜ್, ಪದರ, ಮೂರೂ ತೆಳು ಬಣ್ಣವೇ ಅಲ್ವಾ?

ಬಣ್ಣ ಒಂದೇ ಇರಬಹುದು, ಬ್ರಷ್‌ನಲ್ಲಿ ಎಷ್ಟಿದೆ ಎನ್ನುವುದು ಬೇರೆ. ವಾಶ್‌ಗೆ ಬ್ರಷ್ ತುಂಬಿರುತ್ತದೆ, ಬಣ್ಣ ತಾನಾಗಿ ತಗ್ಗಿಗೆ ಹರಿಯಲಿ ಎಂದು ಬಿಡುತ್ತೇವೆ. ಗ್ಲೇಜ್‌ಗೆ ಬ್ರಷ್ ಚೆನ್ನಾಗಿ ಒರೆಸಿರುತ್ತೇವೆ, ಎಳೆದ ಜಾಗ ಹತ್ತು ಸೆಕೆಂಡಿನಲ್ಲಿ ಆರಬೇಕು, ಎಲ್ಲಿಗೂ ಹರಿಯಬಾರದು. ಒಂದು ಗ್ಲೇಜ್ ಎಳೆದರೆ ಬದಲಾವಣೆ ಕಂಡೂ ಕಾಣದಂತಿರಬೇಕು. ನಾಲ್ಕೈದು ಎಳೆದಾಗ ಕಾಣಬೇಕು.

1:5ಕ್ಕಿಂತ ಹೆಚ್ಚು ತೆಳುವಾಗಿಸುವಾಗ ಬರೀ ನೀರು ಹಾಕಿದರೆ ಬಣ್ಣವನ್ನು ಹಿಡಿದಿಡುವ ಅಂಟು ಕಡಿಮೆಯಾಗಿ ಪುಡಿ ಅಂಚಿಗೆ ಹೋಗಿ ಕೂರುತ್ತದೆ. ಆಗ ಅರ್ಧ ನೀರು, ಅರ್ಧ ಗ್ಲೇಜ್ ಮೀಡಿಯಂ (ಬಣ್ಣದ ಪುಡಿಯಿಲ್ಲದ ಅಂಟಿನ ದ್ರವ) ಬಳಸಿ.

ಬಟ್ಟೆಯ ಕೆಳಂಚಿಗೆ ಕೆಮ್ಮಣ್ಣು, ಮರಕ್ಕೆ ಪಾಚಿ. ನಮ್ಮ ಕಡೆಯ ಮಳೆಗಾಲದ ಹಾಗೆ ಕಾಣಬೇಕು.

ಕೆಸರು ಕೆಳಗಿಂದ ಮೇಲಕ್ಕೆ ಏರುತ್ತದೆ, ಏರಿದಂತೆ ತೆಳುವಾಗುತ್ತದೆ. ಮೊದಲು ಸಿಯೆನ್ನಾ, ಅಂಬರ್ ಸಮ ಬೆರೆಸಿ 1:4ರಲ್ಲಿ ಮೇಲಂಗಿಯ ಕೆಳಗಿನ 4 ಮಿ.ಮೀ.ಗೆ ಗ್ಲೇಜ್. ಇದು ನೆನೆದ ಬಟ್ಟೆಯ ಕಡುಬಣ್ಣ. ಅದರ ಮೇಲೆ ಸ್ಪಂಜಿನ ಚೂರಿನಿಂದ ಜಂಬಿಟ್ಟಿಗೆ ಬಣ್ಣದ ಚುಕ್ಕಿ, ಕೆಳಗಿನ 2 ಮಿ.ಮೀ.ಗೆ. ಕೊನೆಗೆ ಬ್ರಷ್‌ನ ಕೂದಲನ್ನು ಉಗುರಿನಿಂದ ಮೀಟಿ ನಾಲ್ಕೈದು ಸಿಡಿತ. ಮೊದಲು ಕಾಗದದ ಮೇಲೆ ಮೀಟಿ ನೋಡಿ, ಮುಖವನ್ನು ಟಿಶ್ಯೂನಿಂದ ಮುಚ್ಚಿ. ಗೊಂಬೆಯ ಪೀಠದ ಮಣ್ಣೂ ಇದೇ ಕೆಂಪಾಗಿರಲಿ, ಕರಿಮಣ್ಣಿನ ಪೀಠದ ಮೇಲೆ ಕೆಮ್ಮಣ್ಣಿನ ಬಟ್ಟೆ ಹೊಂದುವುದಿಲ್ಲ.

ಪಾಚಿ ನೀರು ನಿಲ್ಲುವ ಕಡೆ ಬರುತ್ತದೆ: ಹಲಗೆಯ ಸಂದಿ, ಮೊಳೆಯ ಅಡಿ, ನೆಲಕ್ಕೆ ತಾಗಿದ ತುದಿ. ಕಡುಹಸಿರಿಗೆ ಅಂಬರ್ ಬೆರೆಸಿ ಗ್ಲೇಜ್ ಎರಡು ಸಲ, ಮೇಲೆ ಹಳದಿ ಹಸಿರಿನ ಚುಕ್ಕಿ ಕೆಲವೇ. ಬೂದು ಮರಕ್ಕೆ ಬೂದುಹಸಿರಿನ ಅಂಕುಡೊಂಕು ಚುಕ್ಕೆಗಳನ್ನಿಟ್ಟರೆ ಕಲ್ಲುಹೂವು. ನೆನೆದ ಮರ ತೋರಿಸಬೇಕಾದರೆ ಬಣ್ಣ ಒಂದು ಹದ ಕಡು ಮಾಡಿ, ಎಲ್ಲ ಮುಗಿದ ಮೇಲೆ ಅಲ್ಲಿಗೆ ಮಾತ್ರ ಹೊಳಪಿನ (ಗ್ಲಾಸ್) ವಾರ್ನಿಷ್ ಕೊಡಿ.

ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆದ ಮೇಲೆ ಇಡೀ ಗೊಂಬೆಗೆ ಮಂಜು ಮುಸುಕಿದ ಹಾಗಾಯ್ತು. ಉಳಿಸಬಹುದಾ?

ಹೆಚ್ಚಿನ ಸಲ ಉಳಿಯುತ್ತದೆ. ಪೂರ್ತಿ ಒಣಗಲು ಒಂದು ದಿನ ಬಿಟ್ಟು, ಬ್ರಷ್‌ನಿಂದ ಗ್ಲಾಸ್ ವಾರ್ನಿಷ್ ತೆಳುವಾಗಿ ಹಚ್ಚಿ. ಮಂಜು ಮಾಯವಾಗಿ ಕೆಳಗಿನ ಬಣ್ಣ ಮತ್ತೆ ಕಂಡರೆ, ಒಣಹವೆಯ ದಿನ ನೋಡಿ ಮೇಲೆ ಮ್ಯಾಟ್ ಕೊಡಿ. ತೇವ ಒಂದು ಕಾರಣ. ಬಾಟಲಿಯನ್ನು ಸರಿಯಾಗಿ ಅಲುಗಾಡಿಸದಿರುವುದು ಇನ್ನೊಂದು: ಹೊಳಪು ಅಡಗಿಸುವ ಪುಡಿ ತಳದಲ್ಲಿ ಕೂತಿದ್ದು, ಒಮ್ಮೆಗೇ ಬಂದು ಸಂದಿಗಳಲ್ಲಿ ಬಿಳಿಯಾಗಿ ನಿಲ್ಲುತ್ತದೆ. ಎರಡು ನಿಮಿಷ ಅಲುಗಾಡಿಸಿ, ದಪ್ಪ ಒಂದು ಕೋಟಿನ ಬದಲು ತೆಳು ಎರಡು ಹಚ್ಚಿ. ಬಣ್ಣ ಮುಗಿದು 24 ಗಂಟೆ, ಮಳೆಗಾಲದಲ್ಲಿ 48 ಗಂಟೆ ಆಗದೆ ವಾರ್ನಿಷ್ ಬೇಡ. ರೇಷ್ಮೆಗೆ ಸ್ಯಾಟಿನ್ (ಅರೆಹೊಳಪು), ಕಂಬಳಿಗೆ ಮ್ಯಾಟ್ ಎಂದು ಬೇರೆ ಬೇರೆ ಕೊಟ್ಟರೆ ಬಟ್ಟೆಯ ಜಾತಿ ಇನ್ನಷ್ಟು ಸ್ಪಷ್ಟ.

ಪದರ ಮೇಲೆ ಪದರ ಹಾಕಿ ನೆರಿಗೆಯೇ ಮುಚ್ಚಿಹೋಯ್ತು. ಬಣ್ಣ ಪೂರಾ ತೆಗೆದು ಮತ್ತೆ ಮಾಡೋದು ಹೇಗೆ?

ಪ್ಲಾಸ್ಟಿಕ್ ಗೊಂಬೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮುಚ್ಚಿದ ಗಾಜಿನ ಬಾಟಲಿಯೊಳಗೆ ಅರ್ಧ ಗಂಟೆ ಮುಳುಗಿಸಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ, ಒಲೆ, ದೀಪ ಹತ್ತಿರ ಇರಬಾರದು. ಉಳಿದದ್ದಕ್ಕೆ ಇನ್ನೊಮ್ಮೆ ಅದ್ದಿ. ರೆಸಿನ್ ಗೊಂಬೆಯನ್ನು ಹೆಚ್ಚು ಹೊತ್ತು ಬಿಡಬೇಡಿ, ಮೆತ್ತಗಾಗಬಹುದು. ಐದೈದು ನಿಮಿಷಕ್ಕೆ ತೆಗೆದು ನೋಡಿ. ಪೇಂಟ್ ಅಂಗಡಿಯ ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಎರಡೂ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಲೋಹದ ಗೊಂಬೆಗೆ ಮಾತ್ರ ಅವು.

ಡೆಟಾಲ್‌ನಲ್ಲಿ ನೆನೆಹಾಕುವವರು ಒಂದನ್ನು ನೆನಪಿಡಬೇಕು. ಮೊದಲ ಉಜ್ಜು ಡೆಟಾಲ್‌ನಲ್ಲೇ ಆಗಬೇಕು. ನೀರು ತಾಗಿದ ಕೂಡಲೇ ಕಳಚಿದ ಬಣ್ಣ ಹಲಸಿನ ಮೇಣದಂತೆ ಅಂಟಾಗಿ ಮತ್ತೆ ನೆರಿಗೆಗಳಿಗೇ ಹಿಡಿದುಕೊಳ್ಳುತ್ತದೆ. ಬಣ್ಣ ಪೂರ್ತಿ ಹೋದ ಮೇಲೆ ಸೋಪು ನೀರಿನಲ್ಲಿ ತೊಳೆದು, ಒಂದು ದಿನ ಒಣಗಿಸಿ, ಪ್ರೈಮರ್ ಹಚ್ಚಬಹುದು.